ಮನೆ ಮಾತು 4: ಅಣ್ಣನ ಲಗ್ನ

ಹೋದ ಸಲ ಅಜ್ಜನ ಟ್ರಂಕ್ ಬಗ್ಗೆ ಬರೆದಿದ್ದೆ. ಬೆಳಗಾವಿ ಮರಾಠಾ ಸೆಂಟರ್‌ನಲ್ಲಿ ಭರ್ತಿಯಾಗಿ, ಪಿಂಚಣಿ ತಗೊಂಡು, ಅದರಲ್ಲೇ ಇಬ್ಬರು ಅತ್ತೆಯರ ಮದುವೆ ಮಾಡಿದ ಅಜ್ಜ.

ಅಣ್ಣನೂ ಸೈನಿಕನೇ. ಆದ್ರೆ ಅಗ್ನಿವೀರ. 2022ರಲ್ಲಿ ಬಂದ ಯೋಜನೆ: ನಾಲ್ಕು ವರ್ಷ ಸೇವೆ, ಅಲ್ಲಿವರೆಗೆ ಲಗ್ನ ಆಗೋ ಹಾಗಿಲ್ಲ. ಆಮೇಲೆ ನೂರಕ್ಕೆ ಹೆಚ್ಚೆಂದ್ರೆ 25 ಮಂದಿ ಉಳೀತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ಸೇವಾ ನಿಧಿ, ಪಿಂಚಣಿ ಇಲ್ಲ. ಬಿಕಾಂ ಓದೋ ನನಗಿಂತ ಹೆಣ್ಣಿನ ಮನೆಯವರಿಗೆ ಈ ಲೆಕ್ಕ ಬೇಗ ತಿಳೀತು. "ಹುಡುಗ ಚಲೋ ಅದಾನ್ರಿ. ಪರ್ಮನೆಂಟ್ ಆಗ್ಲಿ, ಆಮ್ಯಾಲ ನೋಡೋಣು." ಅವ್ವ ಚಹಾದ ಕಪ್ ಎತ್ತಿಕೊಂಡು ಒಳಗೆ ಹೋದಳು.

ನಾನು ಹಳೇ ಕಾಲದವಳೇ, ನಗಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಮದುವೆ ಆಗಬೇಕು, ಮನೆ ತುಂಬಿರಬೇಕು, ಸೈನ್ಯ ಅಂದ್ರೆ ಕೈ ಮುಗೀತೀನಿ. ಅದಕ್ಕೇ ಕೇಳಿದ್ದು, ಸಂಸಾರ ಕಟ್ಟೋ ವಯಸ್ಸಿನ ಹುಡುಗನನ್ನ ಹೀಗೆ ಅರ್ಧ ದಾರಿಯಲ್ಲಿ ನಿಲ್ಲಿಸಬಹುದಾ?

ಸ್ಟೋರಿ ಹಾಕಿದ್ದಕ್ಕೆ ನಾವು ವೋಟ್ ಹಾಕೋ ಪಕ್ಷದ ಹುಡುಗರೇ "ದೇಶದ್ರೋಹಿ" ಅಂದ್ರು. ಎದುರು ಪಕ್ಷದವರು ಖುಷಿಯಿಂದ ಶೇರ್ ಮಾಡಿದ್ರು. ಅಣ್ಣ ಹೇಗಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ.

ರಾತ್ರಿ ಅವನ ಫೋನ್ ಬಂತು. "ತಂಗಿ, ಅವರ ಮನ್ಯಾಗ ಏನಂದ್ರು?"

"ಕೇಳಸ್ತಿಲ್ಲೋ ಅಣ್ಣಾ" ಅಂದು ಅವ್ವನ ಕೈಗೆ ಕೊಟ್ಟೆ.