ಮೂವತ್ತೆರಡು ಬಿಟ್ಟಿನ ಜಗಳ

ಈ ವಾರ ಹೊಸ ಸ್ವಿಚ್ಚೊಂದು ಬಂತು. ರ್‍ಯಾಕಿಗೆ ಏರಿಸಿ, ಐಪಿ ಕೊಟ್ಟು, ಎಸ್‌ಎನ್‌ಎಂಪಿ ವಾಕ್ ಓಡಿಸಿದೆ. ಪೋರ್ಟು, ಫ್ಯಾನು, ತಾಪಮಾನ, ಬೈಟುಗಳ ಲೆಕ್ಕ ಎಲ್ಲ ಪರದೆಯ ಮೇಲೆ ಸುರಿಯತೊಡಗಿತು. ಎಷ್ಟು ಸಲ ನೋಡಿದರೂ ಈ ಖುಷಿ ಹಳತಾಗಿಲ್ಲ. 1988ರ ಪ್ರೋಟೋಕಾಲಿಗೆ ನಿನ್ನೆ ಡಬ್ಬಿಯಿಂದ ತೆಗೆದ ಯಂತ್ರವೂ ಓಗೊಡುತ್ತದೆ!

ನನಗೆ ಅತಿ ಪ್ರಿಯವಾದದ್ದು ಕೌಂಟರ್. ವೇಗ ಎಷ್ಟೆಂದು ಅದು ಹೇಳುವುದಿಲ್ಲ. ಇಲ್ಲಿಯವರೆಗೆ ಇಷ್ಟು ಬೈಟು ಹೋಯಿತು ಎನ್ನುತ್ತದೆ, ಅಷ್ಟೇ. ಮನೆಯ ಕರೆಂಟ್ ಮೀಟರಿನಂತೆ, ಹಿಂದಿನ ರೀಡಿಂಗ್ ಕಳೆಯುವ ಕೆಲಸ ಕೇಳುವವರದು. ನಡುವೆ ಒಂದು ಉತ್ತರ ಯುಡಿಪಿಯಲ್ಲಿ ಕಳೆದುಹೋದರೂ ಮುಂದಿನದರಲ್ಲಿ ಮೊತ್ತ ಸಿಗುತ್ತದೆ. ಕೌಂಟರ್ ಕೇಳುವಾಗ ಅದೇ ಪ್ಯಾಕೆಟ್ಟಿನಲ್ಲಿ, ಯಂತ್ರ ಎದ್ದು ಎಷ್ಟು ಹೊತ್ತಾಯಿತು ಎನ್ನುವ ಸಿಸ್‌ಅಪ್‌ಟೈಮನ್ನೂ ಕೇಳಿ ನೋಡಿ. ಎರಡು ರೀಡಿಂಗ್‌ಗಳ ನಡುವಿನ ಕಾಲವನ್ನು ಆ ಯಂತ್ರದ ಗಡಿಯಾರವೇ ಹೇಳುತ್ತದೆ. ನಮ್ಮ ಸರ್ವರ್ ತಡವರಿಸಿ ಕೇಳಿದ್ದರಿಂದ ಗ್ರಾಫಿನಲ್ಲಿ ಏಳುವ ಸುಳ್ಳು ಮೊನೆಗಳು ಮಾಯ.

ಇಷ್ಟು ಸೊಗಸಾದ ಸಾಧನವನ್ನು ಜನ ಹಾಳುಮಾಡುವುದು ಒಳಬಂದ ಬೈಟು ಎಣಿಸುವ ಇಫ್‌ಇನ್‌ಆಕ್ಟೆಟ್ಸ್ ಹಿಡಿದು. ಅದು 32 ಬಿಟ್ಟಿನ ಕೌಂಟರ್. 429 ಕೋಟಿ ಚಿಲ್ಲರೆ ಬೈಟು ದಾಟಿದರೆ ಮತ್ತೆ ಸೊನ್ನೆ. ತುಂಬಿ ಹರಿಯುವ 10 ಮೆಗಾಬಿಟ್ಟಿನ ಲಿಂಕಿನಲ್ಲಿ ಒಂದು ಸುತ್ತಿಗೆ ಸುಮಾರು ಗಂಟೆ ಬೇಕಿತ್ತು. ಗಿಗಾಬಿಟ್ಟಿನಲ್ಲಿ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಕೇಳುವ ಹೊತ್ತಿಗೆ ಅದು ಎಂಟು ಸಲ ಸುತ್ತಿರುತ್ತದೆ, ಗ್ರಾಫಿಗೆ ಅದರ ಸುಳಿವೇ ಇಲ್ಲ. ಲೆಕ್ಕ ಹಾಕಿ: ಹೀಗೆ ಬರೆದ ಗ್ರಾಫು 114 ಮೆಗಾಬಿಟ್ ದಾಟುವುದು ಸಾಧ್ಯವೇ ಇಲ್ಲ. ಲಿಂಕು ಉಸಿರುಗಟ್ಟಿ ಪ್ಯಾಕೆಟ್ ಬೀಳಿಸುತ್ತಿದ್ದರೂ ‘ಹತ್ತರಲ್ಲೊಂದು ಪಾಲೂ ಬಳಕೆಯಾಗಿಲ್ಲ, ನೋಡಿ ಸಾರ್’ ಎಂದು ಅದನ್ನೇ ಮೀಟಿಂಗಿನಲ್ಲಿ ತೋರಿಸುತ್ತಾರೆ. 64 ಬಿಟ್ಟಿನ ಇಫ್‌ಎಚ್‌ಸಿಇನ್‌ಆಕ್ಟೆಟ್ಸ್ ಅದೇ ಯಂತ್ರದಲ್ಲಿ ಕೂತಿದೆ. ಎಸ್‌ಎನ್‌ಎಂಪಿ ವರ್ಷನ್ 1 ಅದನ್ನು ಕೊಡಲಾರದು. 2ಸಿ ಅಥವಾ 3ಕ್ಕೆ ಬದಲಾಯಿಸಬೇಕು. ಒಂದು ಸಾಲಿನ ಬದಲಾವಣೆಗೆ ಸೋಮಾರಿತನ ಮಾಡಿ, ತಪ್ಪು ಗ್ರಾಫಿನ ಮೇಲೆ ಮುಂದಿನ ವರ್ಷದ ಖರೀದಿ ನಿರ್ಧರಿಸುವುದನ್ನು ನಾನು ಕ್ಷಮಿಸಲಾರೆ.

ಸುತ್ತು ಬೀಳುವ ಮಾತು ಬಂದಾಗೆಲ್ಲ ನನ್ನ ಮನಸ್ಸು ಸಿಸ್‌ಅಪ್‌ಟೈಮಿನ ಕಡೆಗೇ ಹೊರಳುತ್ತದೆ. ಅದು ಸೆಕೆಂಡಿನ ನೂರನೇ ಭಾಗಗಳನ್ನು 32 ಬಿಟ್ಟಿನಲ್ಲಿ ಎಣಿಸುವುದರಿಂದ 497 ದಿನಕ್ಕೆ ಸೊನ್ನೆಗೆ ಬರುತ್ತದೆ. ಒಂದೂವರೆ ವರ್ಷದ ಹತ್ತಿರ ಅಲುಗಾಡದೆ ನಿಂತ ರೂಟರ್ ‘ರೀಬೂಟ್ ಆಯಿತು’ ಎಂದು ನಮ್ಮ ಸರ್ವರ್ ನಡುರಾತ್ರಿ ಎಲ್ಲರನ್ನೂ ಎಬ್ಬಿಸುತ್ತದೆ. ವರ್ಷನ್ 3 ಇರುವ ಕಡೆ ಎಂಜಿನ್‌ಟೈಮ್ ನೋಡಿ. ಅದು ಸೆಕೆಂಡುಗಳಲ್ಲಿ ಎಣಿಸುತ್ತದೆ, ತುಂಬಲು 68 ವರ್ಷ ಬೇಕು. ಅದು ಏರುತ್ತಲೇ ಇದ್ದರೆ ರೂಟರಿಗೆ ಏನೂ ಆಗಿಲ್ಲ, ಮಲಗಿದವರನ್ನು ಎಬ್ಬಿಸಬೇಡಿ.