ನಾಂಪಲ್ಲಿಯಲ್ಲಿ ಒಂದು ಹಾಲಿ ರೂಪಾಯಿ

ಕಲಬುರಗಿ ಕಡೆಯಿಂದ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದ ನಮ್ಮಂಥವರಿಗೆ ಹೈದರಾಬಾದ್ ಅಂದರೆ ಮೊದಲು ನಾಂಪಲ್ಲಿಯೇ. ಈಗ ಮಿಯಾಪುರದಿಂದ ಮೆಟ್ರೊ ಹತ್ತಿ ಅಲ್ಲಿಗೆ ಹೋಗುವುದು ವರ್ಷಕ್ಕೊಮ್ಮೆ, ಜನವರಿಯ ನುಮಾಯಿಷ್‌ಗೆ. ಈ ಸಲ ಹೋಗಿದ್ದು ಬೇರೆ ಕೆಲಸಕ್ಕೆ. ಅಲ್ಲಿನ ಸಭಾಂಗಣವೊಂದರಲ್ಲಿ ನಾಣ್ಯ ಮೇಳವಿತ್ತು. ಜೇಬಿನಲ್ಲಿ ಅವ್ವನ ದೇವರ ಜಗಲಿಯ ಬೆಳ್ಳಿ ರೂಪಾಯಿ ಇತ್ತು.

ಅದು ಅಜ್ಜನ ಪಗಾರದಲ್ಲಿ ಉಳಿದದ್ದು. ನಮ್ಮ ಕಡೆಯ ಹಿರಿಯರು ನಿಜಾಮರ ರೂಪಾಯಿಗೆ ‘ಹಾಲಿ’ ಅನ್ನುತ್ತಿದ್ದರು, ಬ್ರಿಟಿಷರದಕ್ಕೆ ‘ಕಲ್ದಾರ’. ಏಳು ಹಾಲಿಗೆ ಆರು ಕಲ್ದಾರ. ಸೊಲ್ಲಾಪುರಕ್ಕೆ ಹೋಗುವವರಿಗೆ ಈ ಲೆಕ್ಕ ಬಾಯಿಪಾಠ. ನಿಜಾಮರ ನೋಟುಗಳ ಮೇಲೆ ಕನ್ನಡದಲ್ಲೂ ಬೆಲೆ ಬರೆದಿರುತ್ತಿತ್ತು. ನಾಣ್ಯದ ಮೇಲೆ ಮಾತ್ರ ಕನ್ನಡವಿಲ್ಲ. ಚಾರ್‌ಮಿನಾರ್ ಚಿತ್ರ, ಅದರ ಕಮಾನಿನೊಳಗೆ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲ ಅಕ್ಷರ ‘ಐನ್’. ಜೊತೆಗೆ 92 ಎಂಬ ಅಂಕಿ: ‘ಮುಹಮ್ಮದ್’ ಹೆಸರಿನ ಅಕ್ಷರಗಳ ಬೆಲೆ ಕೂಡಿದರೆ ಬರುವ ಮೊತ್ತ. ತೂಕ 11 ಗ್ರಾಂ ಚಿಲ್ಲರೆ, ಬೆಳ್ಳಿ ಶೇ. 82ರಷ್ಟು. ಟಂಕಿಸಿದ್ದು ನಾಂಪಲ್ಲಿಯ ಪಕ್ಕದ ಸೈಫಾಬಾದ್ ಟಂಕಸಾಲೆಯಲ್ಲಿ, ಅದೀಗ ಮ್ಯೂಸಿಯಂ.

ಇದಕ್ಕೆ ಗ್ರೇಡ್ ಮಾಡಿಸುವುದು ನನ್ನ ಆಸೆ. ಮೇಜಿನ ಹಿಂದಿನ ಹಿರಿಯ ವ್ಯಾಪಾರಿ ಭೂತಗನ್ನಡಿ ಹಿಡಿದು, ದೀಪದ ಕೆಳಗೆ ನಾಣ್ಯವನ್ನು ಅತ್ತಿತ್ತ ವಾಲಿಸಿ, “ಇಸ್ಕೂ ಧೋಯೇ ಕ್ಯಾ ಸಾಬ್?” ಅಂದರು. ತೊಳೆಯುವುದೇನು, ಪ್ರತಿ ದೀಪಾವಳಿಗೆ ಅವ್ವ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಾಳೆ!

ಅವರು ಅದೇ ರೂಪಾಯಿಯ ಇನ್ನೊಂದನ್ನು ತೋರಿಸಿದರು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ್ದು, ಹಿಜರಿ 1362, ಅಂದರೆ 1943. ವಾಲಿಸಿದರೆ ಬೆಳಕು ಗಾಲಿಯಂತೆ ಸುತ್ತುತ್ತಿತ್ತು. ಅಚ್ಚಿನ ಒತ್ತಡದಲ್ಲಿ ಬೆಳ್ಳಿ ಹರಿದು ಉಳಿಸಿದ ಸೂಕ್ಷ್ಮ ಗೆರೆಗಳಿಂದ ಆ ಹೊಳಪು ಬರುತ್ತದೆ. ತಿಕ್ಕಿದರೆ ಹೋಯಿತು, ಮತ್ತೆ ಬಾರದು. ನಮ್ಮದು ಫಳಫಳ ಹೊಳೆಯುತ್ತಿತ್ತು, ಆದರೆ ಬೆಳಕು ತಿರುಗುತ್ತಿರಲಿಲ್ಲ. ಕಳಿಸಿದರೂ ಅಂಕ ಸಿಗದು, ‘ಡೀಟೇಲ್ಸ್, ಕ್ಲೀನ್ಡ್’ ಎಂದಷ್ಟೇ ಬರುತ್ತದೆ.

ಅಂಕ ಎಂದರೆ 1ರಿಂದ 70. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಂದ ಅಳತೆಯಿದು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಕಂಪನಿಗಳು ಶುರುವಾಗಿ ಇದನ್ನೇ ಬಳಸಿದವು. 60ರ ಮೇಲಿದ್ದರೆ ಕೈಬದಲಾಗಿ ಸವೆಯದ ನಾಣ್ಯ. ಡಬ್ಬಿಯಲ್ಲಿದ್ದದ್ದು ಎಂಎಸ್ 62. ಡಬ್ಬಿಯೂ ನಕಲಿ ಬರುತ್ತದೆ. ಹಾಗಾಗಿ ಚೀಟಿಯ ನಂಬರನ್ನು ಮೊಬೈಲಿನಲ್ಲಿ ಕಂಪನಿಯ ತಾಣಕ್ಕೆ ಹಾಕಿದೆ. ಮಿನಾರಿನ ಪಕ್ಕದ ಸಣ್ಣ ಗೀರು ಅಲ್ಲಿನ ಫೋಟೊದಲ್ಲೂ ಇತ್ತು. ಬೆಲೆ ಕೇಳಿ ಎದೆ ಝಲ್ಲೆಂದಿತು. ಅದರ ಬೆಳ್ಳಿಯ ಬೆಲೆಗಿಂತ ಹಲವು ಪಟ್ಟು. “ಡಬ್ಬಾ ನಕ್ಕೋ ದೇಖೋ, ಸಿಕ್ಕಾ ದೇಖೋ” ಅಂದರು ವ್ಯಾಪಾರಿ. ಡಬ್ಬಿ ಬಿಟ್ಟು ನಾಣ್ಯ ನೋಡಿದೆ. ಕೊಂಡೆ.

ಹೊಸಬರಿಗೆ ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಗ್ರೇಡಿಂಗ್‌ಗೆಂದು ನಾವೇ ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಮನೆಯಲ್ಲಿ ಅವ್ವ ಡಬ್ಬಿಯನ್ನು ತಿರುಗಿಸಿ ನೋಡಿದಳು. “ಇದನ್ನ ತೊಳಿಯೂದು ಹ್ಯಾಂಗ?”

“ತೊಳಿಬಾರದವ್ವಾ. ಇದನ್ನೂ ಇನ್ನ ತಿಕ್ಕಬ್ಯಾಡ,” ಎಂದು ಹಳೆಯದನ್ನು ಕೊಟ್ಟೆ.

“ತೊಳೀಲಾರದ ರೊಕ್ಕ ಲಕ್ಷ್ಮಿ ಮುಂದ ಹ್ಯಾಂಗ ಇಡ್ಲಿ?”

ನನ್ನ ಬಳಿ ಉತ್ತರವಿರಲಿಲ್ಲ. ಎಂಎಸ್ 62 ಕಪಾಟು ಸೇರಿತು. ಅಜ್ಜನ ಹಾಲಿ ಜಗಲಿಗೆ ಹೋಯಿತು. ದೀಪಾವಳಿಗೆ ಹುಣಸೆಹಣ್ಣು ನೆನೆಹಾಕಿದಾಗ ನಾನು ಬಾಯಿ ತೆರೆಯಲಿಲ್ಲ.