ಬಂಕಾಪುರದ ಕೋಟೆಯೂ ಒಂದು ಹೆಸರೂ

ಹಾವೇರಿಯಿಂದ ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯಿಂದ ತುಸು ಒಳಗೆ ಬಂಕಾಪುರದ ಕೋಟೆಯಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಊರದು. ರಾಜಧಾನಿ ಮಾನ್ಯಖೇಟ ದೂರದ ಉತ್ತರದಲ್ಲಿ. ಬನವಾಸಿ ನಾಡಾದರೋ ಗಂಗರ ಸೀಮೆಯತ್ತ ಕಣ್ಣಿಟ್ಟು ಕಾಯಬೇಕಾಗಿದ್ದ ದಕ್ಷಿಣದ ಅಂಚು. ಆದರೆ ಬರಿಯ ದಂಡಿನಿಂದ ಊರಾಗದು. ಉಳುವವನು, ಕಲ್ಲು ಕಡಿಯುವವನು, ಗಾಣ ಆಡಿಸುವವನು ಬಂದು ನೆಲೆನಿಂತಾಗಲೇ ಕೋಟೆಯೊಳಗೆ ಒಲೆ ಉರಿಯುವುದು.

ಬಂಕೆಯನ ಮಗ ಲೋಕಾದಿತ್ಯನು ಇಲ್ಲಿಂದ ಬನವಾಸಿಯನ್ನು ಆಳುತ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇದೇ ಊರಿನಲ್ಲಿ ಪೂಜೆ ಸಂದಿತು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, ಇಲ್ಲಿಯೇ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟನು. ಮುಂದೆ ಚಾಲುಕ್ಯ ಶೈಲಿಯ ನಗರೇಶ್ವರ ಗುಡಿ ಎದ್ದಿತು. ಜನರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. 1565ರ ರಕ್ಕಸತಂಗಡಿಯ ಕಾಳಗದ ತರುವಾಯ ಕೋಟೆ ಆದಿಲಶಾಹಿಗಳಿಗೂ, ಆಮೇಲೆ ಸವಣೂರ ನವಾಬರಿಗೂ ಸೇರಿತು. ಕನಕದಾಸರ ಬಾಡವೂ ಇಲ್ಲಿಗೆ ಹತ್ತಿರವೇ. ಹೀಗಿರಲು, ಈ ಕೋಟೆ ತಮ್ಮೊಬ್ಬರದೇ ಎನ್ನಬಲ್ಲವರು ಯಾರು?

ಅರ್ಧ ಶತಮಾನದ ಹಿಂದೆ ಬ್ಯಾಡಗಿ ಕಡೆಯ ಒಬ್ಬ ಹುಡುಗ ಶಾಲೆಯ ಪ್ರವಾಸದಲ್ಲಿ ಇಲ್ಲಿಗೆ ಬಂದಿದ್ದನು. ಮಠದ ಪ್ರಸಾದನಿಲಯದಲ್ಲಿ ಉಂಡು ಓದುತ್ತಿದ್ದ ಬಡವರ ಮಗ. ಉಳಿದವರು ಬುತ್ತಿ ಬಿಚ್ಚಿದ ವೇಳೆಯಲ್ಲಿ ಅವನು ಒಂದು ಮೊಳೆ ಹಿಡಿದು ಗುಡಿಯ ಕಂಬದ ಮೇಲೆ ತನ್ನ ಹೆಸರನ್ನು ಕೊರೆದನು. ಮಾಸ್ತರರು ಕಂಡರು; ಆದರೆ ಹೊಡೆಯಲಿಲ್ಲ. ಕೋಟೆಯೊಳಗಿನ ಶಾಸನದ ಮುಂದೆ ಅವನನ್ನು ನಿಲ್ಲಿಸಿ, ಹಳಗನ್ನಡದ ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತ ಓದಿಸಿದರು.

"ತಮ್ಮಾ, ಇವರೂ ಹೆಸರು ಬರೆಸ್ಯಾರ. ಆದ್ರ ಭೂಮಿ ಕೊಟ್ಟು ಬರೆಸ್ಯಾರ. ನೀ ಏನು ಕೊಟ್ಟು ಬರದಿ?"

ಹುಡುಗನ ಬಳಿ ಉತ್ತರವಿರಲಿಲ್ಲ.

ಕಾಲಾಂತರದಲ್ಲಿ ಆತ ರಾಣೇಬೆನ್ನೂರಿನಲ್ಲಿ ಅಂಗಡಿಯಿಟ್ಟು, ದುಡಿಮೆಯಿಂದ ನಾಲ್ಕು ಜನರಲ್ಲಿ ಮಾನ್ಯನಾದನು. ಇತ್ತೀಚೆಗೆ ಮೊಮ್ಮಗನ ಕೈಹಿಡಿದು ಮತ್ತೆ ಕೋಟೆಗೆ ಬಂದನು. 2006ರಲ್ಲಿ ನವಿಲುಧಾಮವೆಂದು ಘೋಷಿತವಾದ ಆ ನೆಲದಲ್ಲಿ ನವಿಲುಗಳು ಸಂಚರಿಸುತ್ತಿದ್ದವು. ಗುಡಿಯೊಳಗೆ ಹೆಸರು ಇನ್ನೂ ಇತ್ತು. ಕಲ್ಲಿನ ಕಪ್ಪು ಅದರೊಳಗೂ ಇಳಿದಿತ್ತು. "ಅಜ್ಜಾ, ಇಲ್ಲಿ ನಿಮ್ಮ ಹೆಸರದ! ಈ ಗುಡಿ ನೀವು ಕಟ್ಟಿಸಿದ್ರೇನು?" ಎಂದು ಬಾಲಕನು ಹಿಗ್ಗಿನಿಂದ ಕೇಳಿದನು.

"ಇಲ್ಲೋ ತಮ್ಮಾ, ಕೆಡಿಸಿದಾವ್ರ ಪೈಕಿ ನಾನೂ ಒಬ್ಬ," ಎಂದನಾ ಮುದುಕ.

ಮುಂದಿನ ವಾರವೇ ಆತ ತಾನು ಓದಿದ ಶಾಲೆಗೆ ಬಂದು, ಗ್ರಂಥಾಲಯಕ್ಕೆಂದು ಒಂದು ಮೊತ್ತವನ್ನು ಒಪ್ಪಿಸಿದನು. ನಾಮಫಲಕದ ಮಾತು ಬಂದಾಗ ಕೈಮುಗಿದು, "ನನ್ನ ಹೆಸರು ಒಂದು ಕಡೆ ಕಲ್ಲಿನ ಮ್ಯಾಲೆ ಅದ, ಅಷ್ಟ ಸಾಕ್ರಿ," ಎಂದನು. ಒಂದೇ ಒಂದು ಬೇಡಿಕೆಯನ್ನು ಮಾತ್ರ ಮುಂದಿಟ್ಟನು: ಪ್ರತಿವರ್ಷ ಮಕ್ಕಳನ್ನು ಬಂಕಾಪುರಕ್ಕೆ ಕರೆದೊಯ್ದು, ಆ ಶಾಸನದ ಎದುರು ನಿಲ್ಲಿಸಿ ಓದಿಸಬೇಕು.

ಗಡಿಯಲ್ಲಿ ಬಂದು ನೆಲೆಸಿ ಆ ಊರನ್ನು ಕಟ್ಟಿದ ಅಸಂಖ್ಯಾತ ಕಾಯಕಜೀವಿಗಳ ಹೆಸರುಗಳು ಯಾವ ಕಲ್ಲಿನಲ್ಲಿಯೂ ಇಲ್ಲ. ಆದರೂ ಅವರಿಟ್ಟ ಕಲ್ಲು ನಿಂತಿದೆ. ಕೊಟ್ಟವರೂ ದುಡಿದವರೂ ಉಳಿಸಿದ್ದನ್ನು ಕೊರೆಯದೆ ಕಾಯುವುದು ಓದಿದವರ ಪಾಲಿನ ಕಾಯಕವೆನ್ನಬೇಕು.